ಸೋಲಾ ಅಂದರೆ ಸೋಲಲ್ಲ

ಕೆಲಸ ಹೋದ ಮೇಲೆ ಪದ್ಮನಾಭನ ಹತ್ತಿರ ಉಳಿದದ್ದು ಬೇರೆಯವರ ದನಿಗಳು ಮಾತ್ರ. ಲೈಲ್‌ನ ಆಫೀಸಿನಲ್ಲಿ ಹದಿನೈದು ವರ್ಷ ಕೂತು ಸಂಪಾದಿಸಿದ್ದವು. ಮ್ಯಾನೇಜರನ ಕೆಮ್ಮು, ಸೆಕ್ಯುರಿಟಿಯವನ ಗೊಗ್ಗರು ಗುಡ್ ಮಾರ್ನಿಂಗು, ಲೇಆಫ್ ಸುದ್ದಿ ಹೇಳಿದ ಎಚ್‌ಆರ್ ಹೆಂಗಸಿನ ಮೆತ್ತನೆಯ ನಿಟ್ಟುಸಿರು, ಎಲ್ಲವನ್ನೂ ತನ್ನ ಗಂಟಲಿನಲ್ಲಿ ಹಾಗ್‌ಹಾಗೇ ತೆಗೆಯುತ್ತಿದ್ದ. ಕೇಳುವವರಿರಲಿಲ್ಲ. ಹೆಂಡತಿ ನಿರುಪಮಾಗೆ, ಕಾರಿನಲ್ಲಿ ಐದು ಗಂಟೆ ದೂರದ ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿ, ಮಗಳು ತನ್ಮಯಿಯನ್ನೂ ಕರೆದುಕೊಂಡು ಹೋಗಿದ್ದಳು. ವುಡ್‌ರಿಡ್ಜ್‌ನ ಮನೆ ಮಾರಾಟವಾಗುವ ತನಕ ಇವನು ಕಾವಲು. 2010ರ ಆ ಬೇಸಿಗೆಯಲ್ಲಿ ಸಬ್‌ಡಿವಿಷನ್‌ನ ಹುಲ್ಲಿನಲ್ಲಿ ‘ಫಾರ್ ಸೇಲ್’ ಬೋರ್ಡುಗಳು ಬೇರು ಬಿಟ್ಟಿದ್ದವು.

“ಅವಳು ನೋವೈನಲ್ಲಿ, ನೋವು ಇಲ್ಲಿ,” ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದ. ಫ್ರಿಜ್ಜು ಮಾತ್ರ ಗುರ್ ಅಂದಿತು.

ತನ್ಮಯಿಯ ಹಳೆಯ ಸಾಕರ್ ಕೋಚ್ ಫೋನ್ ಮಾಡಿ, ಮಹಿಳೆಯರ ಸಣ್ಣ ತಂಡವೊಂದರ ಆಟಗಾರ್ತಿಗೆ ಸೀಸನ್ ಮುಗಿಯುವವರೆಗೆ ಒಂದು ರೂಮು ಬೇಕು ಎಂದಾಗ, ಪ್ರಶ್ನೆ ಮುಗಿಯುವ ಮೊದಲೇ ಹೂಂ ಅಂದುಬಿಟ್ಟ. ಹೀಗೆ ಬಂದವಳು ಓರ್ನೆಲ್ಲಾ. ಮೂವತ್ತಮೂರರ ಮಿಡ್‌ಫೀಲ್ಡರ್. ಆರನೇ ವಯಸ್ಸಿಗೆ ಹುಡುಗರ ಜೊತೆ ಆಡತೊಡಗಿ, ಹಗಲು ಅಂಚೆ ಕಚೇರಿ, ಸಂಜೆ ಮೈದಾನ ಎಂದು ಬೆರ್ಗಾಮೊ, ವೆರೋನಾ, ಸಾರ್ಡೀನಿಯಾ ತಿರುಗಿ, ಇಟಲಿಯ ಅಂಗಿಯನ್ನು ಹನ್ನೊಂದು ಸಲ ತೊಟ್ಟು, ಎರಡೂ ಮೊಣಕಾಲು ಹೊಲಿಸಿಕೊಂಡು ಇಲ್ಲಿಗೆ ಬಂದಿದ್ದಳು.

“ಊರ್ನೆಲ್ಲಾ ಸುತ್ತಿದ ಓರ್ನೆಲ್ಲಾ,” ಎಂದು ಪದ್ಮನಾಭ ಫೋನಿನಲ್ಲಿ ವರದಿ ಒಪ್ಪಿಸಿದ.

“ಅದಿರ್ಲಿ, ಇಟಲಿಯೋಳು ಬಂದ್ಳು ಅಂತ ಗಡ್ಡ ಬೋಳಿಸ್ಕೊಂಡ್ರೋ ಇಲ್ವೋ?” ಎಂದಳು ನಿರುಪಮಾ. ನಕ್ಕಳು, ಪೇಷೆಂಟ್ ಕರೀತಿದಾರೆ ಎಂದು ಇಟ್ಟಳು.

ಊಟದ ಮೇಜಿನಲ್ಲಿ ಇಬ್ಬರೂ ಅವಳ ಮುರುಕು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಇವನು ಹುರುಳಿಕಾಯಿ ಪಲ್ಯ ಎಂದರೆ ಅವಳಿಗೆ ನಗು. ಅವಳ ಭಾಷೆಯಲ್ಲಿ ಪಲ್ಲಾ ಅಂದರೆ ಚೆಂಡು.

ಒಂದು ಮಂಗಳವಾರ ಸಂಜೆ ಅವಳು ಹಳೆಯ ಪಂದ್ಯದ ವಿಡಿಯೋ ತೋರಿಸಿದಳು. ಚೆಂಡು ಅವಳ ಕಾಲಿಗೆ ಬಂದಾಗಲೆಲ್ಲ ಹಿಂದಿನಿಂದ ಒಂದು ಒಡಕು ದನಿ: “ಸೋಲಾ! ಸೋಲಾ!”

ಪದ್ಮನಾಭ ಬೆಚ್ಚಿದ. “ಇದೇನ್ರೀ, ನಿಮ್ಮ ಕಡೆಯೋಳೇ ನಮ್ಮ ಭಾಷೇಲಿ ಸೋಲು ಸೋಲು ಅಂತ ಬಾಯಿ ಬಡ್ಕೋತಾಳೆ?”

“ಸೋಲಾ ಅಂದ್ರೆ ಒಂಟಿ,” ಎಂದಳು ಓರ್ನೆಲ್ಲಾ. “ನಿನ್ನ ಬೆನ್ನ ಹಿಂದೆ ಯಾರೂ ಇಲ್ಲ, ಹೆದರದೆ ತಿರುಗು ಅಂತ. ಆಟದಲ್ಲಿ ಅದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಇವಳು ರೋಸಾಲ್ಬಾ. ಹನ್ನೆರಡು ವರ್ಷ ನನ್ನ ಹಿಂದೆ ನಿಂತು ಕೂಗಿದಳು. ಆ ದನಿ ಕೇಳಿದ್ರೆ ಕಾಲು ತಾನೇ ತಿರುಗುತ್ತೆ. ಇಲ್ಲಿಯ ಹುಡುಗಿಯರು ‘ಟರ್ನ್’ ಅಂತಾರೆ. ಅದು ಕಿವಿಯಿಂದ ಕಾಲಿಗೆ ಇಳಿಯೋ ಹೊತ್ತಿಗೆ ಚೆಂಡು ಹೋಗಿರುತ್ತೆ.”

ಅದಕ್ಕೇ ಇಲ್ಲಿಯ ಪಂದ್ಯಗಳಲ್ಲಿ ಅವಳು ತಿರುಗದೆ, ಚೆಂಡು ಬಂದ ಕೂಡಲೇ ಹಿಂದಕ್ಕೇ ಒದೆಯುತ್ತಿದ್ದಳು. ಮುಂದಿನ ವರ್ಷ ವಿದೇಶಿಯರಿಗೆ ಒಂದೇ ಜಾಗ, ನೀನೋ ತಂಡದ ಸ್ವೀಡನ್ ಹುಡುಗಿಯೋ ಎಂಬುದು ಭಾನುವಾರ ಡೆಟ್ರಾಯಿಟ್‌ನಲ್ಲಿ ಆಡೋ ಪಂದ್ಯದಲ್ಲಿ ಗೊತ್ತಾಗುತ್ತೆ ಎಂದು ತಂಡದ ಕೋಚ್ ಹೇಳಿಬಿಟ್ಟಿದ್ದಳು. ಜಾಗ ತಪ್ಪಿದರೆ ಅಲ್ಲಿಗೆ ಆಟ ಮುಗಿಯಿತು. ಊರಿಗೆ ಮರಳಿ ಅಕ್ಕನ ಚಪ್ಪಲಿ ಅಂಗಡಿಯಲ್ಲಿ ಕೂರುವುದು.

ಪದ್ಮನಾಭ ಆ ವಾರವೆಲ್ಲ ಗರಾಜಿನ ಬಾಗಿಲು ಹಾಕಿಕೊಂಡು ರೋಸಾಲ್ಬಾಳ ದನಿ ಸಾಧಿಸಿದ.

ಭಾನುವಾರ ಮಧ್ಯಾಹ್ನ ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಪದ್ಮನಾಭನೇ ಓರ್ನೆಲ್ಲಾಳನ್ನು ಕಾರಿನಲ್ಲಿ ಡೆಟ್ರಾಯಿಟ್‌ಗೆ ಕರೆತಂದಿದ್ದ. ನಿರುಪಮಾ, ತನ್ಮಯಿ ಕೊಡೆ ಹಿಡಿದು ಬಂದಿದ್ದರು. ಮೊದಲರ್ಧದಲ್ಲಿ ಓರ್ನೆಲ್ಲಾ ಏಳು ಸಲ ಚೆಂಡನ್ನು ಹಿಂದಕ್ಕೇ ಕೊಟ್ಟಳು. ಕೋಚ್ ಕೈಕಟ್ಟಿ ನಿಂತಳು. ಎರಡನೇ ಅರ್ಧಕ್ಕೆ ಪದ್ಮನಾಭ ಬೇಲಿಯ ಹತ್ತಿರ ಹೋಗಿ, ಅವಳ ಬೆನ್ನ ಹಿಂದೆ ಬಯಲು ಕಂಡ ಕ್ಷಣ ಗಂಟಲು ಒಡೆದುಕೊಂಡ:

“ಸೋಲಾ!”

ಅವಳು ತಿರುಗಿದಳು. ಅರೆಕ್ಷಣ ತಲೆಯೆತ್ತಿ ಯಾರನ್ನೋ ಹುಡುಕಿದಳು. ಆಮೇಲೆ ಇಬ್ಬರ ನಡುವಿನ ಸಂದಿಯಲ್ಲಿ ಚೆಂಡು ತೂರಿಸಿದಳು. ಗೋಲು.

“ರೀ, ಯಾರಿಗ್ರೀ ಸೋಲು ಅಂತ ಶಾಪ ಹಾಕ್ತಿದೀರಾ? ಎಲ್ರೂ ನೋಡ್ತಿದಾರೆ!” ಎಂದಳು ನಿರುಪಮಾ.

“ಅಪ್ಪಾ, ಪ್ಲೀಸ್ ಸ್ಟಾಪ್,” ಎಂದಳು ತನ್ಮಯಿ.

ಅವನು ಇನ್ನೂ ನಾಲ್ಕು ಸಲ ಕೂಗಿದ. ನಾಲ್ಕು ಸಲವೂ ಅವಳ ಕಾಲು ತಿರುಗಿತು. ಎರಡು-ಒಂದು. ಕೋಚ್ ಬಂದು, ಜಾಗ ನಿನ್ನದೇ ಎಂದು ಅವಳ ಬೆನ್ನು ತಟ್ಟಿದಳು.

ಪಾರ್ಕಿಂಗ್‌ನಲ್ಲಿ ನಿರುಪಮಾ, “ಇವತ್ತು ಇದ್ದು ಹೋಗ್ಬಹುದಿತ್ತು,” ಎಂದಳು. ಸೋಮವಾರ ಬೆಳಿಗ್ಗೆ ಮನೆ ನೋಡೋಕೆ ಯಾರೋ ಬರ್ತಾರೆ ಎಂದ ಇವನು. ಯಾರೋ ಎಂಬುವರು ಹೋದ ಸೋಮವಾರವೂ ಬಂದಿರಲಿಲ್ಲ.

ವಾಪಸು ದಾರಿಯಲ್ಲಿ ಕಾರು ಕಾಲಮಝೂ ಊರು ದಾಟಿತು. ಪಡುವಣ ಬಿಸಿಲು ಇಬ್ಬರ ಕಣ್ಣಿಗೂ ಬಡಿಯುತ್ತಿತ್ತು.

“ರೋಸಾಲ್ಬಾ ಬಂದಿದಾಳೆ ಅಂದ್ಕೊಂಡೆ,” ಎಂದಳು ಓರ್ನೆಲ್ಲಾ. “ಹುಡುಕಿದೆ. ನೀವಿದ್ರಿ.”

“ತಪ್ಪಾಯ್ತು.”

“ತಪ್ಪಲ್ಲ. ಆದ್ರೆ ಇನ್ಮೇಲೆ ಅವಳ ದನಿ ಬೇಡ. ನಿಮ್ಮ ದನೀಲೇ ಕೂಗಿ.”

ಸುಲಭದ ಮಾತು ಎಂದುಕೊಂಡು ಬಾಯಿ ತೆರೆದ. ಮ್ಯಾನೇಜರನ ಕೆಮ್ಮಿನಲ್ಲಿ ಸೋಲಾ ಬಂತು. ಮತ್ತೆ ತೆರೆದರೆ ಎಚ್‌ಆರ್ ಹೆಂಗಸು. ಮೂರನೆಯ ಸಲ, ತೆಳ್ಳಗೆ, ತುದಿಯಲ್ಲಿ ಸ್ವಲ್ಪ ನಡುಗುವ, ಮೈಸೂರು ಬಿಡುವ ಮೊದಲಿನದಿರಬಹುದಾದ ಒಂದು ದನಿ ಹೊರಬಿತ್ತು.

“ಇದು ಯಾರದು?” ಎಂದಳು.

“ನಂದೇ ಇರ್ಬೇಕು.”

ಅವಳು ತನ್ನ ಪಾದ ನೋಡಿಕೊಂಡಳು. “ಕಾಲಿಗೆ ಇನ್ನೂ ಗುರುತು ಸಿಗ್ಲಿಲ್ಲ. ಇನ್ನೊಂದ್ಸಲ.”

ಮನೆಗೆ ಇನ್ನೂ ನೂರೈವತ್ತು ಮೈಲಿ ಇತ್ತು. ಪದ್ಮನಾಭ ಗಂಟಲು ಸರಿಮಾಡಿಕೊಂಡ.