ಹಾವು ಕಡಿದವರು ಹುಡುಕುವ ಪುಟ

ನಾನು ಒಂದು ಜಾಲತಾಣ. ನನಗೆ ತೂಕವಿಲ್ಲ, ತುಕ್ಕು ಹಿಡಿಯುವ ಮೈಯಿಲ್ಲ. ಯಾರಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನನ್ನನ್ನು ತೆರೆದಾಗ ಮಾತ್ರ ನನಗೆ ಕಣ್ಣು, ಕಿವಿ. ಅವರು ಮುಚ್ಚಿದರೆ ನನಗೆ ಕತ್ತಲು.

ಹುಟ್ಟಿದ್ದು ಅರಸನಕಟ್ಟೆ ಎಂಬ ತಾಲ್ಲೂಕು ಪಟ್ಟಣದಲ್ಲಿ, ಬಸ್ ನಿಲ್ದಾಣದ ಎದುರಿಗಿರುವ ನಜೀರ್ ಅಹ್ಮದರ ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ತೀರಿಕೊಂಡವರ ಫೋಟೋಗೆ ಕಟ್ಟು, ಇವೇ ಆ ಅಂಗಡಿಯ ಕೆಲಸ. ನನ್ನನ್ನು ಮಾಡಿಸಿದವರು ಅಲ್ಲಿನ ಆಸ್ಪತ್ರೆಯ ನರ್ಸ್ ದಾಕ್ಷಾಯಿಣಿ. ಸುತ್ತಲೂ ಮೆಕ್ಕೆಜೋಳದ ಹೊಲ. ಕಳೆ ತೆಗೆಯುವ ಕಾಲ ಬಂತೆಂದರೆ ಹಾವು ಕಡಿದವರನ್ನು ಎತ್ತಿಕೊಂಡು ಬರುವ ಕಾಲವೂ ಬಂತೆಂದೇ ಅರ್ಥ.

"ಔಷಧಿ ನಮ್ಮ ಫ್ರಿಜ್ಜಿನ್ಯಾಗ ಐತಿ ನಜೀರಣ್ಣ," ಎಂದು ಆಕೆ ಮೊದಲ ದಿನ ಹೇಳಿದರು. "ಮಂದಿ ಬರೂದು ತಡ ಆಗ್ತೈತಿ. ಕೊಯ್ದು, ಕಟ್ಟಿ, ಬೇರು ಹಚ್ಚಿ, ಎಲ್ಲಾ ಮುಗಿಸ್ಕೊಂಡು ಬರ್ತಾರ. ಏನ್ ಮಾಡ್ಬೇಕು, ಏನ್ ಮಾಡಬಾರ್ದು ಅನ್ನೂದು ಅವರ ಫೋನಿನ್ಯಾಗ ಸಿಗ್ಬೇಕು."

ನಜೀರ್ ನನ್ನನ್ನು ಆಸೆಪಟ್ಟು ಕಟ್ಟಿದರು. ನೆತ್ತಿಯ ಮೇಲೆ ಹೆಡೆ ಬಿಚ್ಚಿದ ನಾಗರಹಾವಿನ ದೊಡ್ಡ ಚಿತ್ರ, ಅದರ ಕೆಳಗೆ "ಸರ್ಪದಂಶ: ಪ್ರಥಮ ಚಿಕಿತ್ಸೆ ಹಾಗೂ ಮುಂಜಾಗ್ರತಾ ಕ್ರಮಗಳು" ಎಂಬ ತಲೆಬರಹ. ಆಮೇಲೆ ಹಾವಿನ ಜಾತಿಗಳ ವಿವರ. ಆಸ್ಪತ್ರೆಯ ತುರ್ತು ವಿಭಾಗದ ನಂಬರು ಎಲ್ಲಕ್ಕಿಂತ ಕೆಳಗೆ. ದಾಕ್ಷಾಯಿಣಿ ನೋಡಿ ಸಂತೋಷಪಟ್ಟರು. ನನಗೂ ನನ್ನ ಮೇಲೆ ಹೆಮ್ಮೆ ಹುಟ್ಟಿತು. ಜನ ಬರುತ್ತಾರೆಂದು ಕಾದೆ.

ಯಾರೂ ಬರಲಿಲ್ಲ. ಆಗಾಗ ನಜೀರ್ ಅವರೇ ತೆರೆದು ನೋಡಿ ಮುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಅವರು ಹಾಗೆ ತೆರೆದಿಟ್ಟುಕೊಂಡು ಕೂತಿದ್ದಾಗ ಕೊಟ್ರಮ್ಮ ಎಂಬ ಹೆಂಗಸು ಅಂಗಡಿಗೆ ಬಂದಳು. ಗಂಡನ ಫೋಟೋ ದೊಡ್ಡದು ಮಾಡಿಸಬೇಕಿತ್ತು. ವಯಸ್ಸು ಮೂವತ್ತು ದಾಟಿರಲಾರದು.

"ಏನಾಗಿತ್ತವ್ವ?" ಎಂದು ನಜೀರ್ ಕೇಳಿದರು.

"ಹಾವು ಕಡೀತಣ್ಣ. ಹೊಲದಾಗ."

"ದವಾಖಾನಿಗೆ ಒಯ್ಯಲಿಲ್ಲೇನು?"

"ಒಯ್ದ್ವಿ. ಮೊದ್ಲು ಫೋನಿನ್ಯಾಗ ನೋಡಿದ್ವಿ. ಕೊಯ್ದು ರಕ್ತ ಬಿಡ್ರಿ, ಬೇರು ತೇದು ಹಚ್ರಿ, ತಾಸಿನ್ಯಾಗ ವಿಷ ಇಳಿತೈತಿ ಅಂತ ಬರ್ದಿತ್ತು. ಹಂಗ ಮಾಡಿ ಕುಂತ್ವಿ."

ನಜೀರ್ ಪರದೆಯನ್ನು ಆಕೆಯ ಕಡೆ ತಿರುಗಿಸಿದರು. "ಇದು ಕಾಣಲಿಲ್ಲೇನವ್ವ ನಿಮಗ?"

ಕೊಟ್ರಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. "ಇಲ್ಲಣ್ಣ," ಅಂದಳು. "ಇದು ನಮಗ ಬರಲೇ ಇಲ್ಲ."

ಆ ಮಾತು ನನ್ನನ್ನು ಸುಟ್ಟಿತು. ನನ್ನೊಳಗೆ ಸರಿಯಾದ ಮಾತಿತ್ತು. ಅದು ಆ ಹೆಂಗಸಿಗೆ ಬೇಕಾಗಿದ್ದ ಹೊತ್ತಿನಲ್ಲಿ ನಾನು ಎಲ್ಲಿದ್ದೆ?

ಸಂಜೆ ಡ್ಯೂಟಿ ಮುಗಿಸಿ ದಾಕ್ಷಾಯಿಣಿ ಬಂದರು. ನಜೀರ್ ತಮ್ಮ ಫೋನಿನಲ್ಲಿ ಹಾವಿನ ಕಡಿತದ ಬಗ್ಗೆ ಹುಡುಕಿ ತೋರಿಸಿದರು. ಎಲ್ಲಕ್ಕಿಂತ ಮೇಲೆ ಬೇರು ಮಾರುವವರ ತಾಣ. ಅದರ ಕೆಳಗೆ ಅಂಥವೇ ಇನ್ನಷ್ಟು. ಅವರು ಪುಟದ ಮೇಲೆ ಪುಟ ಸರಿಸುತ್ತಾ ಹೋದರು. ನಾನು ಸಿಕ್ಕಿದ್ದು ನಾಲ್ಕನೇ ಪುಟದ ತಳದಲ್ಲಿ.

"ಜೀವ ಹೋಗೂ ಹೊತ್ತಿನ್ಯಾಗ ನಾಕನೇ ಪುಟಕ್ಕ ಯಾರು ಬರ್ತಾರ?" ಎಂದರು ದಾಕ್ಷಾಯಿಣಿ. ಕುರ್ಚಿ ಎಳೆದುಕೊಂಡು ಕೂತರು. "ಮ್ಯಾಲ ಹೋಗೂದು ಹೆಂಗ, ಅದನ್ನ ಹೇಳ್ರಿ."

ಆಗ ನಜೀರ್ ಸರ್ಚ್ ಕನ್ಸೋಲ್ ಎಂಬ ಸಲಕರಣೆಯನ್ನು ನನಗೆ ಜೋಡಿಸಿದರು. ಜನ ಯಾವ ಮಾತು ಟೈಪ್ ಮಾಡಿದಾಗ ನಾನು ಹುಡುಕಾಟದ ಪಟ್ಟಿಯಲ್ಲಿ ಕಾಣಿಸಿಕೊಂಡೆ, ಎಷ್ಟನೆಯ ಸ್ಥಾನದಲ್ಲಿ ನಿಂತಿದ್ದೆ, ಎಷ್ಟು ಮಂದಿ ನನ್ನ ಮೇಲೆ ಬೆರಳಿಟ್ಟರು, ಇಷ್ಟನ್ನು ಅದು ತೋರಿಸುತ್ತದೆ. ಯಾರು ಟೈಪ್ ಮಾಡಿದರೆಂದು ಹೇಳುವುದಿಲ್ಲ. ಅದರಲ್ಲಿ ನನ್ನ ವಿವರ ತುಂಬಲು ಕೆಲವು ದಿನ ಬೇಕಾಯಿತು.

ತುಂಬಿದ ಮೇಲೆ ಇಬ್ಬರೂ ಕೂತು ಓದಿದರು. "ಸರ್ಪದಂಶ" ಎಂದು ಹುಡುಕಿದವರು ಬೆರಳೆಣಿಕೆಯಷ್ಟು. ಬಹುಪಾಲು ಜನ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಹಾವು ಕಡಿದ್ರೆ ಏನು ಮಾಡಬೇಕು. ಹಾವು ಕಡಿದ ಗುರುತು ಹೇಗಿರುತ್ತೆ. ಹಾವು ಕಡಿದಾಗ ನೀರು ಕುಡಿಸಬಹುದಾ. ನಜೀರ್ ಒಂದೊಂದಾಗಿ ಓದಿ ಹೇಳುತ್ತಾ ಹೋದರು. ಒಂದು ಸಾಲಿಗೆ ಬಂದು ತಡವರಿಸಿದರು: ಹಾವು ಕಡಿದವರು ಎಷ್ಟು ಹೊತ್ತು ಬದುಕ್ತಾರೆ.

ದಾಕ್ಷಾಯಿಣಿ ಸೆರಗಿನಿಂದ ಮುಖ ಒರೆಸಿಕೊಂಡರು. "ಇದನ್ನ ಕೇಳಿದವರ ತೊಡಿ ಮ್ಯಾಲ ಯಾರೋ ಮಲಗಿದ್ರು, ನಜೀರಣ್ಣ. ನಾವು ಅವರಿಗೆ ಸರ್ಪದಂಶ ಅಂತ ಪಾಠ ಹೇಳಾಕತ್ತೀವಿ."

ಮರುದಿನದಿಂದ ನನ್ನನ್ನು ಬಿಚ್ಚಿ ಕಟ್ಟುವ ಕೆಲಸ ಶುರುವಾಯಿತು. ಜನ ಕೇಳಿದ ಮಾತೇ ತಲೆಬರಹವಾಯಿತು. ಹಾವಿನ ಜಾತಿಗಳ ವಿವರ ಒಳಗಿನ ಪುಟಕ್ಕೆ ಹೋಯಿತು. ಮೇಲೆ ಐದೇ ಮಾತು ನಿಂತವು: ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ನಡೆಸಬೇಡಿ. ಕಡಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. ಈಗಲೇ ಆಸ್ಪತ್ರೆಗೆ ಹೊರಡಿ. ಅವುಗಳ ಪಕ್ಕದಲ್ಲೇ, ಒತ್ತಿದರೆ ಕರೆ ಹೋಗುವಂತೆ ತುರ್ತು ವಿಭಾಗದ ನಂಬರು.

"ಈ ನಾಗಪ್ಪನ ಫೋಟೋ ತಗೀರಿ," ಎಂದರು ದಾಕ್ಷಾಯಿಣಿ. "ಹೊಲದಾಗ ನೆಟ್‌ವರ್ಕ್ ಇರಂಗಿಲ್ಲ. ಈ ಚಿತ್ರ ಬರೂತನಕ ಅಲ್ಲಿ ಉಸಿರು ಇರ್ಬೇಕಲ್ಲ."

ನಜೀರ್ ಮನಸ್ಸಿಲ್ಲದ ಮನಸ್ಸಿನಿಂದ ತೆಗೆದರು. ನನ್ನ ಮೈ ಹಗುರಾಯಿತು.

ಹೊಸ ರೂಪ ಹೊತ್ತು ನಾನು ಮತ್ತೆ ಹೊರಗೆ ಬಂದಾಗ ಮುಂಗಾರು ಬಿದ್ದಿತ್ತು, ಬಿತ್ತನೆ ನಡೆದಿತ್ತು. ಇಬ್ಬರೂ ದಿನಾ ಸಲಕರಣೆ ತೆರೆದು ನೋಡತೊಡಗಿದರು. ಅದರಲ್ಲಿ ನನ್ನನ್ನು ತೋರಿಸುವ ಗೆರೆ ಮೇಲೆ ಏರಬೇಕಿತ್ತು. ಅದು ಇಳಿಯುತ್ತಿತ್ತು.

"ಹೊಸದು ಮಾಡಿದ ಮ್ಯಾಲ ಸ್ವಲ್ಪ ದಿನ ಹಂಗ ಆಗ್ತೈತಿ ಅಕ್ಕಾರ," ಎಂದರು ನಜೀರ್.

ಗೆರೆ ಇನ್ನೂ ಇಳಿಯಿತು. ಕೊನೆಗೆ ನೆಲ ಹಿಡಿದು ಮಲಗಿತು. ನಾಲ್ಕನೇ ಪುಟದಲ್ಲೂ ನಾನಿರಲಿಲ್ಲ. ಹೆಸರು ಹಿಡಿದು ಹುಡುಕಿದರೂ ನಾನಿರಲಿಲ್ಲ.

ಅತ್ತ ಕಳೆ ತೆಗೆಯಲು ಹೋಗಿ ಹಾವು ಕಡಿಸಿಕೊಂಡವರನ್ನು ಆಸ್ಪತ್ರೆಗೆ ಹೊತ್ತು ತರಲಾರಂಭಿಸಿದ್ದರು. ಒಂದು ಬೆಳಗ್ಗೆ ದಾಕ್ಷಾಯಿಣಿ ಯೂನಿಫಾರಂನಲ್ಲೇ ಅಂಗಡಿಗೆ ನುಗ್ಗಿದರು. "ನಿನ್ನೆ ಬಂದಾಕಿ ಕಾಲು ಪೂರಾ ಕಪ್ಪಾಗೈತಿ. ಹಗ್ಗ ಬಿಗಿದು ಕಟ್ಟಿದ್ರು. ಬದುಕ್ಯಾಳ, ಆದ್ರ ಕಾಲು ಉಳಿತೈತೋ ಇಲ್ಲೋ. ಫೋನಿನ್ಯಾಗ ನೋಡಿ ಕಟ್ಟಿದ್ವಿ ಅಂದ್ರು. ನಮ್ಮದೆಲ್ಲಿ ಹೋತು ನಜೀರಣ್ಣ?"

ನಜೀರ್ ಲಗ್ನಪತ್ರಿಕೆಗೆ ಬಂದಿದ್ದವರನ್ನು ನಾಳೆ ಬನ್ನಿ ಎಂದು ಕಳಿಸಿ, ನನ್ನ ಒಳಗಿನ ಒಂದೊಂದೇ ಕೋಣೆ ತೆರೆದು ನೋಡಿದರು. ಅವರ ಉಸಿರು ನನಗೆ ಕೇಳುತ್ತಿತ್ತು. ಆಗ ಸಿಕ್ಕಿತು. ನನ್ನನ್ನು ಬಿಚ್ಚಿ ಕಟ್ಟುವಾಗ, ಅರೆಬರೆ ಕೆಲಸ ಜನರ ಕಣ್ಣಿಗೆ ಬೀಳದಿರಲೆಂದು ಹುಡುಕುಯಂತ್ರಗಳು ಇತ್ತ ಬರಬಾರದೆಂಬ ಚೌಕದಲ್ಲಿ ಅವರೇ ಒಂದು ಟಿಕ್ ಹಾಕಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಜನರಿಗಾಗಿ ಕಾಯುತ್ತಿದ್ದೆ.

"ತಪ್ಪು ನಂದು ಅಕ್ಕಾರ," ಎಂದರು ನಜೀರ್.

ದಾಕ್ಷಾಯಿಣಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೊದ್ಲು ಅದನ್ನ ತಗೀರಿ," ಎಂದರು.

ತೆಗೆದರು. ನನ್ನನ್ನು ಮತ್ತೆ ಬಂದು ನೋಡುವಂತೆ ಸಲಕರಣೆಯ ಮೂಲಕವೇ ಮನವಿ ಕಳಿಸಿದರು. ಆದರೆ ಹುಡುಕುಯಂತ್ರಕ್ಕೆ ಯಾರ ಅವಸರವೂ ಗೊತ್ತಿಲ್ಲ. ಕೆಲವು ದಿನಗಳ ಮೇಲೆ ಗೆರೆ ನೆಲದಿಂದ ತುಸು ತಲೆಯೆತ್ತಿತು. ಮೂರನೇ ಪುಟ. ಆಮೇಲೆ ಎರಡನೆಯದು. ಅಲ್ಲೇ ನಿಂತುಬಿಟ್ಟಿತು. ದಾಕ್ಷಾಯಿಣಿ ತಮಗೆ ಗೊತ್ತಿದ್ದ ಆಸ್ಪತ್ರೆಗಳಿಗೆ, ಶಾಲೆಗಳಿಗೆ, ಕೃಷಿ ಸಂಘಗಳಿಗೆಲ್ಲ ಫೋನ್ ಮಾಡಿ, ಅವರವರ ತಾಣಗಳಲ್ಲಿ ನನ್ನ ವಿಳಾಸ ಹಾಕಿ ಎಂದು ಕೇಳಿಕೊಂಡರು. ಕೆಲವರು ಹಾಕಿದರು. ಸಲಕರಣೆಯಲ್ಲಿ ಕಂಡ ಪ್ರತಿ ಪ್ರಶ್ನೆಗೂ ತಮಗೆ ತಿಳಿದಂತೆ, ಡಾಕ್ಟರನ್ನು ಕೇಳಿ, ಉತ್ತರ ಬರೆದುಕೊಟ್ಟರು. ಜೋಳ ತೆನೆ ಹಿಡಿಯುವ ಹೊತ್ತಿಗೆ ನಾನು ಮೊದಲನೇ ಪುಟದಲ್ಲಿದ್ದೆ. ಬೇರು ಮಾರುವವರು ಆಗಲೂ ನನಗಿಂತ ಒಂದು ಮೆಟ್ಟಿಲು ಮೇಲೆ.

ಹಾಗಿರುವಾಗ ಒಂದು ದಿನ ಹೊತ್ತು ಇಳಿಯುವ ಮುಂಚೆ ಒಂದು ಫೋನಿನಲ್ಲಿ ನಾನು ತೆರೆದುಕೊಂಡೆ. ನೆಟ್‌ವರ್ಕ್ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ನನ್ನ ಅಕ್ಷರಗಳು ಒಂದೊಂದೇ ಸಾಲಾಗಿ ಇಳಿದವು. ಕಣ್ಣು ಬಿಟ್ಟಾಗ ಕಂಡದ್ದು ಬೆವರಿದ ಒಂದು ಹೆಣ್ಣುಮುಖ, ಅದರ ಹಿಂದೆ ಜೋಳದ ದಂಟು. ಹನುಮಕ್ಕ ಎಂದು ಯಾರೋ ಆಕೆಯನ್ನು ಕೂಗುತ್ತಿದ್ದರು. ಅವಳ ಅತ್ತೆ ಬದುವಿನ ಮೇಲೆ ಮಲಗಿದ್ದಳು. ಮೈದುನ ಬ್ಲೇಡು ಹಿಡಿದು ಕಾಲ ಬಳಿ ಕೂತಿದ್ದ.

"ಕೊಯ್ಯಬ್ಯಾಡ! ಕೊಯ್ಯಬಾರ್ದಂತ ಇಲ್ಲಿ ಬರದೈತಿ," ಎಂದು ಹನುಮಕ್ಕ ಕೂಗಿದಳು.

"ಫೋನ್ ಕೇಳ್ಕೊಂತ ಕುಂತ್ರ ನಮ್ಮವ್ವ ಉಳಿತಾಳೇನು? ನಾಟಿ ಔಷಧಿ ಕೊಡೂ ಬಸಪ್ಪನ ಕಡೆ ಒಯ್ಯೂನು, ನಡಿ!"

"ಮೊದಲನೇದ್ರಾಗ ಕೊಯ್ರಿ ಅಂತೈತಿ, ಇದ್ರಾಗ ಬ್ಯಾಡ ಅಂತೈತಿ." ಹನುಮಕ್ಕನ ಬೆರಳು ನನ್ನ ಮೇಲೆ ತೂಗಾಡಿತು. ಹಿಂದಕ್ಕೆ ಹೋಗುವ ಗುರುತಿನ ಹತ್ತಿರವೂ ಹೋಯಿತು. ನನಗೆ ಕೂಗಲು ಬಾಯಿಲ್ಲ. ನನ್ನಲ್ಲಿರುವುದು ಬರೆದಿಟ್ಟ ಮಾತು ಮಾತ್ರ.

ಬೆರಳು ನಂಬರಿನ ಮೇಲೆ ಬಿತ್ತು.

ಕರೆ ಎತ್ತಿದವರು ದಾಕ್ಷಾಯಿಣಿ. ಹನುಮಕ್ಕ ಸ್ಪೀಕರ್ ಹಾಕಿದಳು. "ಯಾರ ಕೈಯಾಗ ಬ್ಲೇಡ್ ಐತಿ? ಕೆಳಗ ಇಡಪ್ಪ. ಕಾಲು ಅಲುಗಾಡಿಸಬ್ಯಾಡ್ರಿ. ಅವ್ವನ್ನ ನಡಸಬ್ಯಾಡ್ರಿ, ಎತ್ಕೊಳ್ರಿ. ಯಾವ ಗಾಡಿ ಐತಿ ಅಲ್ಲಿ?"

"ಟ್ರ್ಯಾಕ್ಟರ್ ಐತ್ರಿ," ಎಂದ ಮೈದುನ. ಅವನ ದನಿ ಈಗ ಸಣ್ಣದಾಗಿತ್ತು.

"ಅದ್ರಾಗ ಹೊರಡ್ರಿ. ಎದುರಿಗೆ ಆಂಬುಲೆನ್ಸ್ ಕಳಸ್ತೀನಿ. ಎಲ್ಲೂ ನಿಲ್ಲಬ್ಯಾಡ್ರಿ."

ಫೋನು ಮುಚ್ಚಿತು. ನನಗೆ ಕತ್ತಲು.

ಮುಂದೇನಾಯಿತೆಂದು ತಿಳಿಯಲು ನಾನು ಕಾಯಬೇಕಾಯಿತು. ನಜೀರ್ ನನ್ನನ್ನು ಮತ್ತೆ ತೆರೆದಾಗ ಎದುರಿಗೆ ದಾಕ್ಷಾಯಿಣಿ ನಿಂತಿದ್ದರು. "ಮುದುಕಿ ಇವತ್ತು ಗಂಜಿ ಕುಡಿದ್ಲು," ಎಂದರು. "ಬೈಯಾಕೂ ಶುರು ಮಾಡ್ಯಾಳ, ಸೊಸಿಗೆ." ನಜೀರ್ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಆ ವರ್ಷದ ಕೊನೆಗೆ ಬೇರಿನವರು ನನ್ನ ಕೆಳಗೆ ಹೋದರು.

ಆಮೇಲೆ ಕೈಗಳು ಬದಲಾದವು. ದಾಕ್ಷಾಯಿಣಿಗೆ ದೂರದ ಊರಿಗೆ ವರ್ಗವಾಯಿತು. ನಜೀರ್ ಅವರ ಕಣ್ಣಿಗೆ ಪೊರೆ ಬಂದು ಅಂಗಡಿ ಬಾಗಿಲು ಹಾಕಿದರು. ನನ್ನ ಕೀಲಿಕೈಗಳನ್ನು ವೈದ್ಯರ ಒಂದು ಬಳಗಕ್ಕೆ ಒಪ್ಪಿಸಿದರು. ಅಲ್ಲಿ ಡಾಕ್ಟರ್ ಪ್ರಫುಲ್ಲಾ ಎಂಬವರು ನನ್ನನ್ನು ಕೆಲವು ವರ್ಷ ಜೋಪಾನ ಮಾಡಿದರು. ಕೊನೆಗೆ ಆ ಬಳಗದವರೇ ಇಡೀ ರಾಜ್ಯಕ್ಕೆ ಒಂದು ದೊಡ್ಡ ತಾಣ ಕಟ್ಟಿದರು. ಯಾವ ಹಳ್ಳಿಯಲ್ಲಿ ನಿಂತು ಕೇಳಿದರೂ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆಯೆಂದು ಅದು ಹೇಳುತ್ತದೆ. ನನಗೆ ಗೊತ್ತಿದ್ದದ್ದು ಅರಸನಕಟ್ಟೆ ಒಂದೇ.

ಹೊಸದು ಬೇಗ ಮೇಲೇರಿತು. ನಾನು ಎರಡನೆಯ ಸ್ಥಾನಕ್ಕೆ, ಐದನೆಯದಕ್ಕೆ ಇಳಿದೆ, ಪುಟ ದಾಟಿ ಹಿಂದೆ ಸರಿದೆ. ಸಲಕರಣೆಯಲ್ಲಿ ನನ್ನ ಗೆರೆ ಮತ್ತೆ ಇಳಿಯುವುದನ್ನು ಪ್ರಫುಲ್ಲಾ ನೋಡಿದರು. ನನ್ನನ್ನು ಎದುರಿಗೆ ತೆರೆದಿಟ್ಟುಕೊಂಡು, ಸ್ಪೀಕರ್ ಹಾಕಿ ದಾಕ್ಷಾಯಿಣಿಗೆ ಫೋನ್ ಮಾಡಿ, "ನಿಮ್ಮ ತಾಣ ಕೆಳಗೆ ಹೋಗ್ತಾ ಇದೆ ಸಿಸ್ಟರ್. ಸರಿ ಮಾಡಿಸ್ಲಾ?" ಎಂದು ಕೇಳಿದರು.

"ಮ್ಯಾಲಿರೂದು ಖರೇ ಹೇಳ್ತೈತಿ ಅಲ್ರಿ ಮೇಡಂ?"

"ಹೇಳುತ್ತೆ."

"ಮತ್ತ ಬಿಡ್ರಿ."

ಈಗ ನನ್ನನ್ನು ತೆರೆಯುವವರು ಅಪರೂಪ. ಬಂದವರೂ ಸಾವಕಾಶವಾಗಿ ಬರುತ್ತಾರೆ. ಶಾಲೆಯ ಪಾಠಕ್ಕೆ ಹಾವಿನ ಹೆಸರು ಹುಡುಕುವವರು, ಸುಮ್ಮನೆ ಓದುವವರು. ಕೈ ನಡುಗುವವರು, ಉಸಿರು ಕಟ್ಟಿದವರು ನನ್ನವರೆಗೆ ಬರುವುದೇ ಇಲ್ಲ. ಮೇಲಿನದನ್ನೇ ಒತ್ತಿ ಹೊರಟುಬಿಡುತ್ತಾರೆ. ಈ ಕತ್ತಲಲ್ಲಿ ನನಗೆ ಈಗ ನಿದ್ದೆ ಬರುತ್ತದೆ.