ಗರಗದ ಕ್ಯಾಸೆಟ್ಟಿನ ಕೊನೆಯ ಹಾಡು

ಟಕ್. ತುಸು ಹೊತ್ತು ಬಿಟ್ಟು ಮತ್ತೊಮ್ಮೆ, ಟಕ್.

ಜಯಾಳಿಗೆ ಎಚ್ಚರವಾಯಿತು. ಪಕ್ಕದಲ್ಲಿ ಮನೆಯೊಡತಿ, ಹಾರ್ಮೋನಿಯಂ ನುಡಿಸುವ ಕುಬೇರಪ್ಪನ ಹೆಂಡತಿ ರತ್ನವ್ವ ಗಾಢ ನಿದ್ದೆಯಲ್ಲಿದ್ದಳು. ಸದ್ದು ಪಡಸಾಲೆಯಿಂದ ಬರುತ್ತಿತ್ತು. ಸುತ್ತಿಗೆಗೆ ಬಟ್ಟೆ ಸುತ್ತಿ ಯಾರೋ ತಬಲಾದ ಅಂಚಿಗೆ ಬಡಿಯುತ್ತಿದ್ದ ಹಾಗೆ. ತಬಲಾದ ಉಸ್ಮಾನಸಾಬನಲ್ಲದೆ ಮತ್ತಾರು? ಆದರೆ ಈ ಹೊತ್ತಿನಲ್ಲೇಕೆ? ಅವಳು ಏಳಲಿಲ್ಲ. ಎದ್ದರೆ ಮಾತಾಡಬೇಕಾಗುತ್ತಿತ್ತು, ಮಾತಾಡಿದರೆ ಗಂಟಲು ದಣಿಯುತ್ತಿತ್ತು.

ತೊಂಬತ್ತೆರಡರಲ್ಲಿ, ಗರಗದ ಶಾಲೆಯ ಬಯಲಿನಲ್ಲಿ ಈ ಮೂವರ ಬೆಳ್ಳಿಚುಕ್ಕಿ ಮೇಳ ಹಾಡಿದ್ದನ್ನು ಮದುವೆ ವಿಡಿಯೊ ತೆಗೆಯುತ್ತಿದ್ದ ದತ್ತು ಮೊದಲಿನಿಂದ ಕೊನೆಯವರೆಗೆ ಹಿಡಿದಿದ್ದ. ಮುಂದೆ ಅವನೇ ಕೇಬಲ್ ಟಿವಿ ನಡೆಸತೊಡಗಿದ ಮೇಲೆ ಪ್ರತಿ ಶಿವರಾತ್ರಿಗೂ ಆ ಕ್ಯಾಸೆಟ್ಟು; ಮಂದಿಯ ಬಾಯಲ್ಲಿ ಅದು 'ಸಿನಿಮಾ'. ಯಾವ ಹಾಡಿನಲ್ಲಿ ನಾಯಿ ವೇದಿಕೆ ದಾಟುತ್ತದೆ, ಎಲ್ಲಿ ಕುಬೇರಪ್ಪನ ಕನ್ನಡಕ ಜಾರುತ್ತದೆ ಎಂಬುದು ಕೂಡ ಹುಬ್ಬಳ್ಳಿಯ ಎಷ್ಟೋ ಓಣಿಗಳಿಗೆ ಬಾಯಿಪಾಠ. ಮೇಳ ಮಾತ್ರ ಮೂರೇ ವರ್ಷಕ್ಕೆ ಚದುರಿತು. ಕುಬೇರಪ್ಪನ ಹಾರ್ಮೋನಿಯಂ ಅವನ ಅರಳೆ ಅಂಗಡಿಯ ಅಟ್ಟ ಸೇರಿತು, ಉಸ್ಮಾನಸಾಬ ತಾರಿಹಾಳದ ಕಾರ್ಖಾನೆ ಸೇರಿದ, ಜಯಾ ಶಿಕ್ಷಕಿಯಾಗಿ ಬಾಗಲಕೋಟೆಗೆ ಹೋದಳು. ಈಗ ಸಿನಿಮಾಕ್ಕೆ ಹದಿನೈದು ವರ್ಷ ತುಂಬಿದೆಯೆಂದು ದತ್ತು ಬೈರಿದೇವರಕೊಪ್ಪದಲ್ಲಿ, ಕುಬೇರಪ್ಪನ ಮನೆಯೆದುರಿನ ಬಯಲಿನಲ್ಲಿ, ದೊಡ್ಡ ಪರದೆ ಕಟ್ಟಿಸಿದ್ದ. ಕೊನೆಯ ಹಾಡಿಗೆ ಸಿನಿಮಾ ನಿಲ್ಲಿಸುವುದು, ಅದನ್ನು ಮೇಳವೇ ಎದುರಿಗೆ ಹಾಡುವುದು ಎಂದು ನಿಶ್ಚಯವಾಗಿತ್ತು.

ಆ ಹಾಡಿನ ಶ್ರುತಿ ಎತ್ತರದ್ದು, ಹಾರ್ಮೋನಿಯಂನ ಕಪ್ಪು ಕೀಲಿಗಳಲ್ಲಿ ಐದನೆಯದು, ಐದನೆಯ ಕರಿ ಮನೆ. ಹಿಂದಿನ ವರ್ಷ ಥೈರಾಯ್ಡ್ ಆಪರೇಷನ್ ಆದ ಮೇಲೆ ಜಯಾಳ ಧ್ವನಿ ಇಳಿದಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ, ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಬಂದಿದ್ದಳು. ಆ ರಾತ್ರಿಗೆ ಮುಂಚಿನ ಸಂಜೆ, ತಾಲೀಮಿನಲ್ಲಿ, ಮೇಲಿನ ಸ್ವರ ಒಡೆಯಿತು. ಕೆಮ್ಮಿ, ನೀರು ಕೇಳಿದಳು.

"ಧೂಳ ಭಾಳ ಐತಿ ಇಲ್ಲೆ," ಎಂದ ಕುಬೇರಪ್ಪ, ಅವಳ ಕಡೆ ನೋಡದೆ. "ಇವತ್ತಿಗೆ ಸಾಕು."

ಶ್ರುತಿ ತುಸು ಇಳಿಸೋಣವೇ ಎಂದು ಕೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ದತ್ತು ಬಂದ.

"ಅಕ್ಕಾರ, ಸಿನಿಮಾ ನಿಂತದ್ದ ಮಂದಿಗೆ ಗೊತ್ತಾಗಬಾರದು ನೋಡ್ರಿ. ಅದ ಶ್ರುತಿ, ಅದ ಧ್ವನಿ! ಎಲ್ಲಾರ ಕಿವ್ಯಾಗೂ ಅದ ಕುಂತೈತಿ."

"ಹೌದ್ರಿ," ಎಂದಳು ಜಯಾ. ರಾತ್ರಿ ಆ ಟಕ್ ಟಕ್ ನಿಂತ ಮೇಲೂ ಅವಳಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಸಂಜೆ ಬಯಲು ತುಂಬಿತ್ತು. ಪರದೆಯ ಮೇಲೆ ಗರಗದ ಖಾದಿ ಸೀರೆಯುಟ್ಟ ಇಪ್ಪತ್ತೇಳರ ಜಯಾ ಅಂಜಿಕೆಯಿಲ್ಲದೆ ಹಾಡಿದಳು. ನಾಯಿ ದಾಟಿದಾಗ ಮಂದಿ ಕೇಕೆ ಹಾಕಿದರು. ಸಿನಿಮಾ ನಿಂತಿತು. ವೇದಿಕೆಯ ಮೇಲೆ ಜಯಾ ಆ ಶ್ರುತಿಯನ್ನು ಕಿವಿಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

ಆಗ, ಎಂದೂ ಮೈಕು ಮುಟ್ಟದ ಕುಬೇರಪ್ಪ ಮೈಕು ಹಿಡಿದ. ಗರಗದ ಆ ದಿನದ ಬಿಸಿಲು, ಅಲ್ಲಿನ ನೂಲು, ಊಟಕ್ಕೆ ಬಡಿಸಿದ ಝುಣಕ ಎಂದು ಹೇಳಿದ್ದನ್ನೇ ಹೇಳುತ್ತಾ ಹೋದ. ಐದು ನಿಮಿಷವಾಯಿತು, ಹತ್ತಾಯಿತು.

"ಕಾಕಾ, ಹಾಡ ಹಚ್ಚರಿ!" ಎಂದು ಯಾರೋ ಕೂಗಿದರು.

ಮುಂದಿನ ಸಾಲಿನಿಂದ ರತ್ನವ್ವನೇ ಹೇಳಿದಳು: "ಮೂವತ್ತ ವರ್ಷದಾಗ ಮನ್ಯಾಗ ಇಷ್ಟ ಮಾತಾಡಿಲ್ಲವಾ ಇವರು!"

ನಗೆ ಎದ್ದಿತು. ಆ ಗದ್ದಲದಲ್ಲಿ ಜಯಾಳ ಕಿವಿಯಿಂದ ಶ್ರುತಿ ಜಾರಿಹೋಯಿತು. ಎಲ್ಲರ ಕಿವಿಯಿಂದಲೂ ಜಾರಿರಬೇಕು. ನಗೆ ಇಳಿಯುವ ಮೊದಲೇ ಕುಬೇರಪ್ಪ ಕೂತು ಹಾರ್ಮೋನಿಯಂ ಒತ್ತಿದ.

ಹುಡುಕದೆ ಕಾಲಿಗೆ ಸಿಕ್ಕ ಹಳೆಯ ಚಪ್ಪಲಿಯ ಹಾಗೆ ಆ ಸ್ವರ ಅವಳ ಗಂಟಲಿಗೆ ಹೊಂದಿತು. ನೋಡಿದಳು. ಅವನ ಬೆರಳು ಐದನೆಯದರ ಮೇಲಲ್ಲ, ಅದಕ್ಕಿಂತ ಕೆಳಗಿನ ನಾಲ್ಕನೆಯ ಕರಿ ಮನೆಯ ಮೇಲಿತ್ತು. ತಬಲಾ ಸರಿಯಾಗಿ ಅದೇ ಸ್ವರಕ್ಕೆ ನುಡಿಯಿತು. ಇಳಿಸಿದ ತೊಗಲು ಒಂದು ರಾತ್ರಿ ಕೂತರೇ ಶ್ರುತಿ ನಿಲ್ಲುವುದು ಎಂದು ಹಿಂದೆ ಅವಳಿಗೆ ಹೇಳಿಕೊಟ್ಟವನು ಉಸ್ಮಾನಸಾಬನೇ. ಈಗ ಅವನು ತಲೆಯೆತ್ತಲಿಲ್ಲ.

ಅವಳು ಕುತ್ತಿಗೆಯ ಸೆರಗು ಸಡಿಲಿಸಿ ಹಾಡಿದಳು. ಮೇಲಿನ ಸ್ವರ ಬಂದು ನಿಂತಿತು. ಬಯಲು ಮಿಸುಕಲಿಲ್ಲ.

ಮಂದಿ ಚದುರಿದ ಮೇಲೆ ಉಸ್ಮಾನಸಾಬ ತಬಲಾಕ್ಕೆ ಬಟ್ಟೆ ಸುತ್ತುತ್ತಿದ್ದ.

"ಕಾಕಾ, ರಾತ್ರಿ ಪಡಸಾಲ್ಯಾಗ ಏನೋ ಟಕ್ ಟಕ್ ಅನ್ನಾಕತ್ತಿತ್ತು."

"ಇಲಿ ಇರಬೇಕ ಬೇಟಿ. ಅರಳಿ ಅಂಗಡ್ಯವರ ಮನಿ."

"ಹೂಂ, ಭಾಳ ಅದಾವು," ಎಂದ ಕುಬೇರಪ್ಪ ಕನ್ನಡಕ ಒರೆಸುತ್ತ.

ಜಯಾಳ ಕಣ್ಣುಗಳು ತುಂಬಿ ಬಂದವು. ಏನೋ ಹೇಳಬೇಕೆಂದಾಗ ದತ್ತು ಕ್ಯಾಮೆರಾ ಹಿಡಿದುಕೊಂಡೇ ಓಡಿಬಂದ.

"ಅಕ್ಕಾರ, ಖರೇ ಹೇಳ್ತೇನಿ, ಎಳಿಯಷ್ಟೂ ಫರಕ ಇಲ್ರಿ! ಹದಿನೈದ ವರ್ಷ ಧ್ವನಿ ಹೆಂಗ ಕಾಯ್ಕೊಂಡ್ರಿ? ಇದರಾಗ ನೋಡಿ ಹೇಳ್ರಿ."

ಮುದುಕರಿಬ್ಬರೂ ಒಮ್ಮೆಗೇ ತಬಲಾದ ಗಂಟಿನ ಕಡೆ ಬಾಗಿದರು. ಜಯಾ ಕ್ಯಾಮೆರಾವನ್ನೂ ಅವರನ್ನೂ ನೋಡಿದಳು. ಶ್ರುತಿ ಇಳಿಸಿದ್ದನ್ನು ಈ ಕ್ಯಾಮೆರಾದ ಮುಂದಷ್ಟೇ ಅಲ್ಲ, ಬಾಗಲಕೋಟೆಯ ಮನೆಯಲ್ಲೂ, ಎಲ್ಲಿಯೂ ಹೇಳುವುದಿಲ್ಲ ಎಂದುಕೊಂಡಳು.

"ಬಿಸಿನೀರ್ರಿ," ಎಂದಳು. "ದಿನಾ ಮುಂಜಾನೆ ಬಿಸಿನೀರ ಕುಡೀತೇನಿ."

ಆಮೇಲೆ ಬಗ್ಗಿ, ಉಸ್ಮಾನಸಾಬ ಗಂಟು ಬಿಗಿಯುವವರೆಗೆ ದಾರದ ಮೇಲೆ ತನ್ನ ಬೆರಳು ಒತ್ತಿ ಹಿಡಿದಳು.