ಸೋದರಮಾವನ ಹಕ್ಕು

ದಾಂಡೇಲಿಯ ನಮ್ಮ ಚಾಳಿನ ಗೋಡೆಗಳು ಬಹಳ ತೆಳು. ಒಂದು ಮನೆಯಲ್ಲಿ ರೊಟ್ಟಿ ಬಡಿದರೆ ಪಕ್ಕದ ಮನೆಯಲ್ಲಿ ಹಸಿವಾಗುತ್ತದೆ; ಒಂದು ಮನೆಯಲ್ಲಿ ಪಿಸುಮಾತು ನಡೆದರೆ ನಾಲ್ಕು ಮನೆಯವರು ತಲೆಯಾಡಿಸುತ್ತಾರೆ. ಕಾಗದದ ಗಿರಣಿಯ ಭೋಂಗಾ ಕೂಗಿದಾಗ ಗಂಡಸರು ಪಾಳಿಗೆ ಹೋಗುತ್ತಾರೆ, ಮತ್ತೆ ಕೂಗಿದಾಗ ಬರುತ್ತಾರೆ. ನಡುವಿನ ಹೊತ್ತಿನಲ್ಲಿ ಚಾಳು ಹೆಂಗಸರದು. ನಾನು ಇಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿ ಮಹಾದೇವಕ್ಕ. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಾರೆ. ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಚಟವಂತೆ. ಇದೂ ಆ ತೆಳು ಗೋಡೆಯಿಂದಲೇ ತಿಳಿದ ಸಂಗತಿ.

ಪಕ್ಕದ ಮನೆ ಶಂಕ್ರಪ್ಪನದು. ಧಾರವಾಡದ ಕಡೆಯವನು, ಗಿರಣಿ ಶುರುವಾದಾಗ ಕೆಲಸ ಹುಡುಕಿಕೊಂಡು ಬಂದವನು. ಹೆಂಡತಿ ಮಾಲವ್ವನ ತವರು ಹಳಿಯಾಳದ ಹತ್ತಿರದ ತೇರಗಾಂವ. ಹಿರಿಯ ಮಗಳು ನೀಲಕ್ಕನಿಗೆ ಹದಿನಾರು ವರ್ಷ. ಅವಳ ಕೆಳಗೆ ಇನ್ನೂ ಮೂವರು. ಶಂಕ್ರಪ್ಪನ ಪಗಾರ ತಿಂಗಳ ಕೊನೆಯವರೆಗೆ ಎಂದೂ ನಡೆದುಬಂದಿಲ್ಲ. ಹೀಗಾಗಿ ನೀಲಕ್ಕನ ಫೀ, ಪುಸ್ತಕ, ಬಟ್ಟೆ ಎಲ್ಲವನ್ನೂ ನೋಡಿಕೊಂಡವನು ಮಾಲವ್ವನ ತಮ್ಮ ದುರ್ಗಪ್ಪ. ಅವನೂ ಗಿರಣಿಯವನೇ, ಬಿದಿರು ಇಳಿಸುವ ಕೆಲಸ. ಮೂವತ್ತು ವರ್ಷವಾದರೂ ಮದುವೆಯಾಗಿರಲಿಲ್ಲ. ಮಾತು ಬಲು ಕಡಿಮೆ.

ಅವನು ಯಾಕೆ ಕೊಡುತ್ತಾನೆ ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಅಕ್ಕನ ಮಗಳು ತಮ್ಮನ ಸೊತ್ತು; ತೊಟ್ಟಿಲಲ್ಲಿ ಹೆಸರಿಡುವಾಗಲೇ ಆ ಮಾತು ಮುಗಿದುಹೋಗಿರುತ್ತದೆ. ಅವನು ಬೇಡವೆಂದರೆ ಮಾತ್ರ ಹೊರಗಿನವರು ಆ ಮನೆಯ ಹೊಸ್ತಿಲು ತುಳಿಯಬಹುದು. ನೀಲಕ್ಕ ದೊಡ್ಡವಳಾದಾಗ ಹಸಿರು ಸೀರೆ ತಂದವನೂ ದುರ್ಗಪ್ಪನೇ. "ಮಾವ ಬೇಲಿ ಹಾಕ್ಯಾನ" ಎಂದು ಚಾಳಿನ ಹೆಂಗಸರು ನಕ್ಕರು.

ಅಲ್ಲಿಯವರೆಗೆ ನೀಲಕ್ಕ ಪಗಾರದ ದಿನ ಬಾಗಿಲಲ್ಲೇ ಕಾಯುತ್ತಿದ್ದಳು. ಅವನು ಅಂಗಿಯ ಜೇಬಿನಲ್ಲಿ ಚುರುಮುರಿ ಪೊಟ್ಟಣ ತರುತ್ತಿದ್ದ. ಮಾವ ಸೊಸೆ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದರು. ಆ ಸೀರೆಯ ನಂತರ ಚುರುಮುರಿ ನಿಂತಿತು. ಅವನ ಕೆಮ್ಮು ಕೇಳಿದರೆ ಸಾಕು, ಹುಡುಗಿ ಹಿತ್ತಲಿನಿಂದ ನಮ್ಮ ಮನೆಗೆ ಓಡಿಬಂದು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದಳು. ಅವನು ಅಕ್ಕನ ಕೈಗೆ ರೊಕ್ಕ ಕೊಟ್ಟು, ಚಹಾ ಕುಡಿದು, ಬಂದ ಹಾದಿ ಹಿಡಿಯುತ್ತಿದ್ದ.

ಈ ಬೇಸಿಗೆಯಲ್ಲಿ ನೀಲಕ್ಕ ಎಸ್.ಎಸ್.ಎಲ್.ಸಿ. ಪಾಸಾದಳು. ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ನಾನೇ ಅರ್ಜಿ ಹಾಕಿಸಿದ್ದೆ, ಸೀಟು ಸಿಕ್ಕಿತು. ಎರಡು ವರ್ಷದ ಓದು. ಅರ್ಧ ಖರ್ಚಿಗೆ ವಿದ್ಯಾರ್ಥಿವೇತನ ಬರುತ್ತದೆ, ಉಳಿದದ್ದನ್ನು ಮನೆಯವರು ಕೊಡಬೇಕು. ನಡುವೆ ಬಿಡಿಸುವುದಿಲ್ಲ ಎಂದು ತಂದೆ ಸಹಿ ಹಾಕಬೇಕು. ಸುದ್ದಿ ತೇರಗಾಂವಕ್ಕೆ ಮುಟ್ಟಿದ್ದೇ ತಡ, ಮಾಲವ್ವನ ತಾಯಿ ಮುದಕವ್ವ ಬಸ್ಸು ಹತ್ತಿ ಬಂದಳು. ಹಿಂದೆ ಬುತ್ತಿಗಂಟು ಹೊತ್ತು ಅವಳ ಹಿರಿಯ ಮಗಳು ಸತ್ತೆವ್ವ.

"ಅಕ್ಕೋರ, ನೀವು ಕಲತವರು. ಆದ್ರ ನಮ್ಮ ಕೂಸಿನ ತಲಿ ಕೆಡಸಬ್ಯಾಡ್ರಿ," ಎಂದಳು ಮುದಕವ್ವ, ನಾನು ಒಳಗೆ ಕಾಲಿಡುತ್ತಲೇ.

"ಕೆಡಸಿಲ್ಲರಿ ಮುದಕವ್ವಾರ. ಕಲೀತೇನಿ ಅಂತ ಆಕಿನ ಅಂತಾಳ. ಎರಡು ವರ್ಷದ ಮಾತು."

"ಇನ್ನೂ ಎರಡು ವರ್ಷ ನನ್ನ ಮಗಾ ಕಾಯಬೇಕೇನು? ಇಷ್ಟು ದಿನ ಸಾಲಿಗೆ ರೊಕ್ಕಾ ಹಾಕಿದಾವ ಅವ. ಬಿತ್ತಿದಾವಗ ಬೆಳಿ ಬ್ಯಾಡೇನು?"

"ಹುಡಿಗಿ ಹೊಲ ಅಲ್ಲರಿ."

"ಹೊಲಾ ಆಗಿದ್ರ ಚಲೋ ಇತ್ತು. ಹೊಲಾ ಎದರಮಾತು ಆಡೂದಿಲ್ಲ," ಎಂದಳು. ಮುದುಕಿಯ ಬಾಯಿ ಚುರುಕು. ನನಗೂ ನಗು ಬರುವುದರಲ್ಲಿತ್ತು.

ನಂತರ ಅವಳು ಹೇಳಿದ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. "ಹೊರಗಿನಾವಗ ಕೊಟ್ರ ಹೊಡದಾನು, ಬಡದಾನು, ತವರಿಂದ ಅದು ತಾ ಇದು ತಾ ಅಂದಾನು. ಮಾವಾ ಆದ್ರ ಕಳ್ಳುಬಳ್ಳಿ, ನಮ್ಮದ ರಕ್ತ. ಕೂಸು ಕಣ್ಣಮುಂದ ಇರತೈತಿ. ನಾವೇನು ಆಕಿನ್ನ ಬಾವ್ಯಾಗ ನೂಕಾಕ ಹತ್ತೇವೇನು?"

"ಕಳ್ಳುಬಳ್ಳಿಗೇ ಕೊಟ್ಟಿದ್ರಲ್ಲಾ, ಸತ್ತೆವ್ವಗ ಏನಾತರಿ?"

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸತ್ತೆವ್ವ ತಲೆಯನ್ನು ಇನ್ನಷ್ಟು ತಗ್ಗಿಸಿದಳು.

ಓದುಗರಿಗೆ ಸತ್ತೆವ್ವನ ಕತೆ ಹೇಳಲೇಬೇಕು. ಊರಿನ ಶಾಲೆಯಲ್ಲಿ ಹುಡುಗರಿಗಿಂತ ಮುಂದಿದ್ದ ಹುಡುಗಿ. ಮನೆಗೆ ಬಂದು ಇದ್ದಿಲಿನಿಂದ ಹೊಸ್ತಿಲ ಮೇಲೆ ಬರೆದು, ಐದು ವರ್ಷದ ತಮ್ಮ ದುರ್ಗಪ್ಪನಿಗೆ ಅಕ್ಷರ ತಿದ್ದಿಸುತ್ತಿದ್ದಳು. ಹದಿಮೂರಕ್ಕೆ ಮುದಕವ್ವ ಅವಳನ್ನು ತನ್ನ ತಮ್ಮನಿಗೇ ಕೊಟ್ಟಳು. ಗಂಡನ ವಯಸ್ಸು ಹೆಂಡತಿಯದರ ಮೂರರಷ್ಟು. ಮುದಕವ್ವನಿಗೆ ಇದ್ದದ್ದು ಒಬ್ಬನೇ ತಮ್ಮ, ಆದ್ದರಿಂದ ಕಿರಿಯ ಮಗಳು ಮಾಲವ್ವ ಆ ಪಾಡಿನಿಂದ ಪಾರಾದಳು. ಸತ್ತೆವ್ವ ಹೆತ್ತ ಎರಡು ಕೂಸುಗಳೂ ಕಣ್ಣು ಬಿಟ್ಟು ನೋಡಲಿಲ್ಲ. ಹತ್ತೊಂಬತ್ತಕ್ಕೆ ಗಂಡನೂ ತೀರಿಹೋದ. ಅಂದಿನಿಂದ ತವರಿನ ಒಲೆಯ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ನನಗೆ ಈ ಹೆಂಗಸನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ, ಅವಳ ಮೇಲಲ್ಲ, ಅವಳನ್ನು ದಿನವೂ ನೋಡುತ್ತ ಏನೂ ಕಾಣದವರ ಮೇಲೆ.

ಶಂಕ್ರಪ್ಪನನ್ನು ಹೊರಗೆ ಕರೆದು ಕೇಳಿದೆ. "ನೀನು ತಂದಿ. ನೀನೊಂದು ಮಾತು ಆಡಬಾರದೇನು?"

"ಕೈ ಒಡ್ಡಿದಾವ ಬಾಯಿ ಹೆಂಗ ತಗೀಲಿ ಅಕ್ಕೋರ," ಎಂದ ಅವನು. "ಅವ ಕೊಟ್ಟಾಗೆಲ್ಲಾ ಇಸಗೊಂಡೇನಿ. ಈಗ ಒಲ್ಲೆ ಅಂದ್ರ ಮಂದಿ ಏನ ಅಂದಾರು?"

ನೀಲಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಅಳಲೂ ಇಲ್ಲ. "ಹಿಂಗ ಅಂತ ಮೊದಲ ತಿಳದಿದ್ರ ಸಾಲಿಗೇ ಹೋಗತಿದ್ದಿಲ್ಲರಿ ಅಕ್ಕೋರ. ಕಲತ ಒಂದೊಂದು ಅಕ್ಷರಾನೂ ನನ್ನ ಮ್ಯಾಲ ಸಾಲ ಆಗಿ ಕುಂತೈತಿ," ಎಂದಳು. ನಾನು ಇಷ್ಟು ವರ್ಷ ಪಾಠ ಹೇಳಿದವಳು. ಅಕ್ಷರದ ಬಗ್ಗೆ ಇಂಥ ಮಾತು ಕೇಳಿರಲಿಲ್ಲ. ಬಹಳ ನೊಂದುಕೊಂಡೆ.

ಸೋಮವಾರ ವೀಳ್ಯ ಕೊಟ್ಟು ಮದುವೆ ನಿಶ್ಚಯ ಮಾಡುವುದೆಂದು ಗೊತ್ತಾಯಿತು. ಶಾಸ್ತ್ರ ಮಾಡಿಸಲು ಹಳಿಯಾಳದಿಂದ ಅಡಿವೆಯ್ಯ ಅಯ್ಯನವರು ಬಂದರು. ಕಂಬಳಿ ಹಾಸಿ, ತಾಟಿನಲ್ಲಿ ಎಲೆ, ಅಡಿಕೆ, ಅರಿಸಿನ, ಕುಂಕುಮ, ಹೊಸ ಹಸಿರು ಸೀರೆ ಇಟ್ಟರು. ಚಾಳಿನ ಜನ ಬಾಗಿಲು ತುಂಬ ನಿಂತಿತ್ತು. ಸತ್ತೆವ್ವ ವಿಧವೆ, ಶುಭಕಾರ್ಯಕ್ಕೆ ಎದುರು ಬರಬಾರದು. ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳು. ದುರ್ಗಪ್ಪ ಪಾಳಿ ಮುಗಿಸಿ ನೇರ ಬಂದವನು ಗೋಡೆಗೆ ಒರಗಿ ಕೂತಿದ್ದ.

ಮುದಕವ್ವ ಸೀರೆ ಎತ್ತಿ ಮೊಮ್ಮಗಳ ಮುಂದೆ ಹಿಡಿದಳು. "ಉಡಿ ಒಡ್ಡವ್ವಾ."

ನೀಲಕ್ಕ ಸೆರಗು ಹಿಂದಕ್ಕೆ ಎಳೆದುಕೊಂಡು ಎದ್ದು ನಿಂತಳು. "ಆಯಿ, ಈ ಸೀರಿ ನಾ ತಗೊಳ್ಳೂದಿಲ್ಲ. ಮಾಮಾ ನನಗ ಹಾಕಿದ ರೊಕ್ಕಾ ನೌಕರಿ ಮಾಡಿ ತಿರಗಿ ಕೊಡ್ತೇನಿ. ಆದ್ರ ರೊಕ್ಕದ ಬದಲಿಗೆ ನಾ ಬರೂದಿಲ್ಲ."

ಮಾಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ," ಎಂದಳು ಮುದಕವ್ವ. "ದುರ್ಗಪ್ಪಾ, ಕೇಳಿದೆಲ್ಲೋ? ಮಾತ್ಯಾಡು."

ದುರ್ಗಪ್ಪ ಎದ್ದು ತಾಯಿಯ ಕೈಯಿಂದ ಸೀರೆ ತೆಗೆದುಕೊಂಡ. ಬೀಸಿ ಒಗೆಯುತ್ತಾನೆ ಎಂದುಕೊಂಡೆ. ಅವನು ಅದನ್ನು ಮಡಿಕೆ ಕೆಡದಂತೆ ತಾಟಿನಲ್ಲಿಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ ಅಕ್ಕ ಸತ್ತೆವ್ವನ ಕೈ ಹಿಡಿದು ಎಲ್ಲರ ಮುಂದೆ ಕರೆತಂದ.

"ನನಗ ಅಕ್ಷರಾ ಕಲಿಸಿದಾಕಿ ಈಕಿ. ಈಕಿ ಲಗ್ನದಾಗ ನಾ ಅತ್ತಾಗ ಎಲ್ಲಾರೂ ನಕ್ಕಿದ್ರಿ. ಯವ್ವಾ, ಅಕ್ಕನ ಮಗಳನ್ನ ಲಗ್ನಾ ಆಗೂದು ನನ್ನ ಮನಸಿನ್ಯಾಗ ಯಾವತ್ತೂ ಇದ್ದಿಲ್ಲ."

"ಹಂಗಾರ ಇಷ್ಟು ದಿನಾ ಯಾಕ ಸುಮ್ಮನಿದ್ದಿ?"

"ನಾ ಒಲ್ಲೆ ಅಂದಿದ್ರ ಹದಿನಾಲ್ಕಕ್ಕ ಬ್ಯಾರೆ ಯಾರಿಗರ ಕೊಟ್ಟು ಬಿಡತಿದ್ರಿ. ಮಾವ ಅದಾನ ಅಂದ್ರ ಯಾರೂ ಹೆಣ್ಣ ಕೇಳಾಕ ಬರೂದಿಲ್ಲ. ಸಾಲಿ ಮುಗೀಲಿ ಅಂತ ಬಾಯಿ ಮುಚಗೊಂಡಿದ್ದೆ. ಬೇಲಿ ಹಾಕ್ಯಾನ ಅಂತಿದ್ರಿ, ಹೌದು, ಹಾಕೇನಿ. ದನಾ ನುಗ್ಗಬಾರದಂತ ಹಾಕಿದ ಬೇಲಿ ಅದು. ನಾನ ಮೇಯಾಕ ಅಲ್ಲ."

ಅವನು ಇಷ್ಟು ಮಾತಾಡಿದ್ದನ್ನು ಚಾಳು ಎಂದೂ ಕೇಳಿರಲಿಲ್ಲ. ಮುದಕವ್ವ ಕೆಳಗೆ ಕೂತಳು. "ನಿನಗ ಇನ್ನ ಯಾರ ಹೆಣ್ಣ ಕೊಡತಾರ, ಮಗನ?"

"ಕೊಟ್ರ ಕೊಡಲಿ, ಬಿಟ್ರ ಬಿಡಲಿ."

ನೀಲಕ್ಕ ಈಗ ಅಳುತ್ತಿದ್ದಳು. "ನನಗರ ಹೇಳಬೇಕಿತ್ತಲ್ಲ ಮಾಮಾ. ಎಷ್ಟ ಅಂಜಿದ್ದೆ ನಾ."

ದುರ್ಗಪ್ಪ, "ತಪ್ಪಾತವ್ವಾ," ಎಂದ. ತಪ್ಪು ಹೌದು. ಅವನು ಒಳ್ಳೆಯವನೇ, ಆದರೆ ಒಳ್ಳೆಯತನವನ್ನು ಬಚ್ಚಿಟ್ಟುಕೊಂಡರೆ ಅದು ಎದುರಿನವರಿಗೆ ಕೆಟ್ಟತನದಂತೆಯೇ ಕಾಣುತ್ತದೆ.

ಶಂಕ್ರಪ್ಪ ಆ ಕಂಬಳಿಯ ಮೇಲೆಯೇ ಕೂತು ಸಹಿ ಹಾಕಿದ. ಉಳಿದ ಅರ್ಧ ಖರ್ಚಿನ ಮಾತು ಬಂದಾಗ ಮತ್ತೆ ತಲೆ ತಗ್ಗಿಸಿದ. ದುರ್ಗಪ್ಪನೇ ಅಂದ, "ಒಬ್ಬಾವ ಕೊಟ್ರ ಹಕ್ಕು ಹುಟ್ಟತೈತಿ ಭಾವಾ. ನಾ ಕೇಳಲಿಕ್ಕಿಲ್ಲ, ಇನ್ನೊಬ್ಬ ಕೇಳತಾನ. ಚಾಳಿನವರೆಲ್ಲಾ ಕೂಡಿ ಕೊಡೂಣು. ಇಡೀ ಚಾಳು ಬಂದು ಒಂದು ಹುಡಿಗಿನ್ನ ಲಗ್ನಾ ಆಗಾಕ ಆಗೂದಿಲ್ಲ."

ಅಯ್ಯನವರೇ ಮೊದಲು ನಕ್ಕರು. ನಾನು ಮನೆಗೆ ಹೋಗಿ ಬಿಸ್ಕೀಟಿನ ಖಾಲಿ ಡಬ್ಬಿ ತಂದೆ. ಅದಕ್ಕೆ ಮೊದಲು ಕೈ ಹಾಕಿದವಳು ಸತ್ತೆವ್ವ. ಸೆರಗಿನ ತುದಿಯ ಗಂಟು ಬಿಚ್ಚಿ, ಯಾವ ಕಾಲದಿಂದ ಕೂಡಿಟ್ಟಿದ್ದಳೋ, ಇದ್ದ ಚಿಲ್ಲರೆಯನ್ನೆಲ್ಲ ಸುರಿದು, "ಇದು ನನ್ನ ಸಾಲೀದು," ಎಂದಳು. ಮುದಕವ್ವ ಆ ಕಡೆ ಮುಖ ತಿರುಗಿಸಿಕೊಂಡಳು. ಆದರೆ ಮಗಳನ್ನು ಒಳಗೆ ಹೋಗು ಎನ್ನಲಿಲ್ಲ.

ಡಬ್ಬಿ ಈಗ ನಮ್ಮ ಬಾಗಿಲ ಗೂಡಿನಲ್ಲಿದೆ. ಪಗಾರದ ದಿನ ಯಾರು ಎಷ್ಟು ಹಾಕುತ್ತಾರೆ ಎಂದು ಯಾರೂ ನೋಡುವುದಿಲ್ಲ. ಮೊನ್ನೆ ಕೆಂಚವ್ವ ಎಂಬ ಹುಡುಗಿಯ ತಾಯಿ ಬಂದು, "ಮುಂದಿನ ವರ್ಷ ನಮ್ಮ ಹುಡಿಗಿಗೂ ಆಗತೈತೇನ್ರಿ?" ಎಂದು ಕೇಳಿದಳು. ಆ ಹುಡುಗಿಗೂ ಸೋದರಮಾವ ಇದ್ದಾನೆ, ಆದರೆ ಅವನು ದುರ್ಗಪ್ಪನಲ್ಲ. ಹುಡುಗಿಯ ಓದು ಒಬ್ಬ ಒಳ್ಳೆಯ ಮಾವನ ಮೇಲೆ ನಿಲ್ಲಬಾರದು, ಓದುಗರೇ. ಅಂಥವನು ಸಿಗದವರು ಎಲ್ಲಿಗೆ ಹೋಗಬೇಕು?

ಜೂನಿನ ಮೊದಲ ಮಳೆಯ ದಿನ ನೀಲಕ್ಕ ಧಾರವಾಡದ ಬಸ್ಸು ಹತ್ತಿದಳು. ದುರ್ಗಪ್ಪ ಟ್ರಂಕು ಮೇಲೆ ಏರಿಸಿ, ಕೆಳಗಿಳಿದು, ಎಂದಿನಂತೆ ದೂರ ಹೋಗಿ ನಿಂತ. ಬಸ್ಸು ಹೊರಡುವಾಗ ಹುಡುಗಿ ಕಿಟಕಿಯಿಂದ ಬಾಗಿ ಕೂಗಿದಳು:

"ಮಾಮಾ, ಪಂಚಮಿಗೆ ಬರ್ತೇನಿ. ಚುರುಮುರಿ ತರಾಕ ಮರೀಬ್ಯಾಡ."